ಮಕ್ಕಳ ಮನೆಗೆ ದುಡ್ಡಿಲ್ಲದ ಕಾಲ: ಮಠ, ಚರ್ಚ್, ಮಸೀದಿ ನಡೆಸುವ ಆಶ್ರಮಗಳಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ಬಂತೆಂದರೆ ಸಾಕು, ಸಣ್ಣ ಟ್ರಸ್ಟ್‌ಗಳ ಲೆಕ್ಕ ನೋಡುವ ನನ್ನಂಥವರಿಗೆ ಒಂದೇ ಥರದ ಫೋನ್ ಬರಲು ಶುರುವಾಗುತ್ತದೆ. "ಸಾರ್, ಶಾಲೆ ಶುರುವಾಯ್ತು, ಕೈಯಲ್ಲಿ ಕಾಸಿಲ್ಲ, ಒಂದು ಚೆಂದದ ಮನವಿ ಪತ್ರ ಬರೆದುಕೊಡಿ." ಕೇಳುವವರು ಫಾದರ್ ಇರಬಹುದು, ಪಾಸ್ಟರ್ ಇರಬಹುದು, ಮಠದ ಕಾರ್ಯದರ್ಶಿ ಇರಬಹುದು, ಯತೀಮ್‌ಖಾನೆಯ (ಮುಸ್ಲಿಂ ಅನಾಥಾಲಯದ) ಕಮಿಟಿಯವರೂ ಇರಬಹುದು. ಸಮಸ್ಯೆ ಎಲ್ಲರದ್ದೂ ಒಂದೇ. ಮೊದಲು ಕರಪತ್ರ ಹೊಡೆಸುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ, ಯಾರಾದರೂ ದೊಡ್ಡ ದಾನಿ "ನಿಮ್ಮ ಕಾಗದಪತ್ರ ಕಳಿಸಿ" ಎಂದಾಗ ಬೀರು ತೆಗೆದು ಹುಡುಕುತ್ತಾರೆ. ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು. ಕೇಳುವುದು ಕೊನೆಗೆ ಬರಬೇಕಾದ ಕೆಲಸ.

ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ನೇರ ಐದನೇ ಹಂತಕ್ಕೆ ಹಾರಿದರೆ ಎರಡು ತಿಂಗಳ ದುಡ್ಡು ಸಿಗಬಹುದು, ಮೂರನೇ ತಿಂಗಳು ಮತ್ತೆ ಅಲ್ಲೇ ಬಂದು ನಿಲ್ಲುತ್ತೀರಿ.

## ಶುರು ಮಾಡುವ ಮುಂಚೆ ಮೇಜಿನ ಮೇಲೆ ಇಡಬೇಕಾದವು

ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್, ಬಾಲನ್ಯಾಯ ಕಾಯ್ದೆಯಡಿ ಪಡೆದ ನೋಂದಣಿ ಪತ್ರ, ಆದಾಯ ತೆರಿಗೆ ಇಲಾಖೆಯ 12ಎಬಿ ಮತ್ತು 80ಜಿ ಆದೇಶಗಳು, ಮೂರು ವರ್ಷದ ಆಡಿಟ್ ವರದಿ, 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಇವುಗಳ ಜೊತೆಗೆ ದಿನಸಿ ಅಂಗಡಿಯ ಉದ್ರಿ ಪುಸ್ತಕ. ನಗಬೇಡಿ, ಸಂಸ್ಥೆಯ ನಿಜವಾದ ಸ್ಥಿತಿ ಆಡಿಟ್ ವರದಿಗಿಂತ ಜಾಸ್ತಿ ಗೊತ್ತಾಗುವುದು ಆ ಪುಸ್ತಕದಲ್ಲೇ. ಪ್ರತಿ ಮಗುವಿನ ಹೆಸರಿಗೂ ಮಕ್ಕಳ ಕಲ್ಯಾಣ ಸಮಿತಿಯ (ಇಂಥ ಮಕ್ಕಳು ಎಲ್ಲಿರಬೇಕು ಎಂದು ತೀರ್ಮಾನಿಸುವ ಜಿಲ್ಲೆಯ ಸರ್ಕಾರಿ ಸಮಿತಿ) ಆದೇಶ ಇದೆಯೇ ಎಂದು ಒಂದು ಪಟ್ಟಿ ಮಾಡಿಕೊಳ್ಳಿ.

ಇಬ್ಬರು ಮನುಷ್ಯರೂ ಬೇಕು. ಒಬ್ಬರು ಎಕ್ಸೆಲ್ ಬರುವವರು, ನಿಮ್ಮದೇ ಭಕ್ತರಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ಸಿಕ್ಕೇ ಸಿಗುತ್ತಾರೆ. ಇನ್ನೊಬ್ಬರು ಖಜಾಂಚಿ. ಖಜಾಂಚಿ ಸಂಸ್ಥೆಯ ಮುಖ್ಯಸ್ಥರ ಹೆಂಡತಿಯೋ ತಮ್ಮನೋ ಆಗಿರಬಾರದು.

## ಹಂತ 1: ತಿಂಗಳ ಖರ್ಚಿನ ನಿಜವಾದ ಅಂಕಿ ಕಂಡುಹಿಡಿಯಿರಿ

"ತಿಂಗಳಿಗೆ ಎಷ್ಟು ಬೇಕು?" ಎಂದು ಕೇಳಿದರೆ ಹೆಚ್ಚಿನವರು "ಒಂದು ಒಂದೂವರೆ ಲಕ್ಷ ಆಗಬಹುದು" ಎನ್ನುತ್ತಾರೆ. ಇಂಥ ಅಂದಾಜಿಗೆ ಯಾರೂ ದುಡ್ಡು ಕೊಡುವುದಿಲ್ಲ. 12 ತಿಂಗಳ ಖರ್ಚನ್ನು ಬಾಬ್ತುವಾರು ಬಿಡಿಸಿ, 12ರಿಂದ ಭಾಗಿಸಿ.

30 ಮಕ್ಕಳಿರುವ, ಚರ್ಚ್‌ನ ಸ್ವಂತ ಕಟ್ಟಡದಲ್ಲಿ ನಡೆಯುವ ಒಂದು ಮನೆ ಎಂದುಕೊಳ್ಳಿ. ಇದು ಬರೀ ಉದಾಹರಣೆ, ನಿಮ್ಮ ಅಂಕಿ ಬೇರೆ ಇರುತ್ತದೆ. ಊಟಕ್ಕೆ ಮಗುವಿಗೆ ದಿನಕ್ಕೆ 65 ರೂಪಾಯಿ ಹಿಡಿದರೆ ತಿಂಗಳಿಗೆ 58,500. ನಾಲ್ಕು ಸಿಬ್ಬಂದಿಯ ಸಂಬಳ 62,000. ಗ್ಯಾಸ್, ಕರೆಂಟ್, ನೀರು 14,000. ಶಾಲೆ ಮತ್ತು ಬಟ್ಟೆ ವರ್ಷದ ಸರಾಸರಿಯಲ್ಲಿ 12,000. ಸೋಪು, ಎಣ್ಣೆ, ಪೇಸ್ಟ್ 6,500. ರಿಪೇರಿ 6,000, ಔಷಧಿ 5,000, ಆಡಿಟ್ ಮತ್ತು ಓಡಾಟ 4,000. ಒಟ್ಟು 1,68,000. ಅಂದರೆ ಒಂದು ಮಗುವಿಗೆ ತಿಂಗಳಿಗೆ 5,600 ರೂಪಾಯಿ.

ಈ 5,600 ನಿಮ್ಮ ಕೈಗೆ ಸಿಕ್ಕ ಮೇಲೆ ಮಾತೇ ಬದಲಾಗುತ್ತದೆ. ಈಗ ಖಚಿತವಾಗಿ ಬರುವ ಹಣ ಬರೆಯಿರಿ. ಸಭೆಯ ಕಾಣಿಕೆ, ಮಠದ ಪಾಲು, ಬಾಡಿಗೆ ಬರುವ ಮಳಿಗೆ, ಡಿಪಾಸಿಟ್ಟಿನ ಬಡ್ಡಿ. ಅದು 96,000 ಎಂದಾದರೆ ಕೊರತೆ 72,000. ನೀವು ತುಂಬಬೇಕಾದ ಗುಂಡಿ ಇಷ್ಟೇ. "ದೇವರು ಕೊಡುತ್ತಾನೆ" ಎಂಬ ನಂಬಿಕೆ ಇರಲಿ, ಎಷ್ಟು ಕೊಡಬೇಕು ಎಂಬುದಾದರೂ ನಿಮಗೆ ಗೊತ್ತಿರಲಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವಾರ್ಡನ್ ಆಗಿರುವ ಸಿಸ್ಟರ್ ಸಂಬಳ ತೆಗೆದುಕೊಳ್ಳುವುದಿಲ್ಲ, ಅಕ್ಕಿ ದಾನವಾಗಿ ಬರುತ್ತದೆ ಎಂದು ಅವನ್ನೆಲ್ಲ ಸೊನ್ನೆ ಬರೆಯುತ್ತಾರೆ. ನಾಳೆ ಸಿಸ್ಟರ್‌ಗೆ ವರ್ಗವಾದರೆ? ದಾನವಾಗಿ ಬರುವುದಕ್ಕೂ ಮಾರುಕಟ್ಟೆ ಬೆಲೆ ಹಾಕಿ, ಎದುರಿಗೆ "ದಾನ" ಎಂದು ಬರೆಯಿರಿ.

## ಹಂತ 2: ಕಾಗದಪತ್ರ ಸರಿಮಾಡಿ

ಬೇಜಾರಿನ ಹಂತ. ಆದರೆ ಜಾಸ್ತಿ ಸಂಸ್ಥೆಗಳು ಬೀಳುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಬಾಲನ್ಯಾಯ ಕಾಯ್ದೆ 2015ರ ನೋಂದಣಿ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯಾದರೂ, ಸರ್ಕಾರದ ಹಣ ಪಡೆಯಲಿ ಬಿಡಲಿ, 41ನೇ ಕಲಮಿನ ಪ್ರಕಾರ ನೋಂದಣಿ ಮಾಡಿಸಲೇಬೇಕು. ಇಲ್ಲದಿದ್ದರೆ 42ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. "ನಮ್ಮದು ಧರ್ಮದ ಕೆಲಸ, ಹಾಸ್ಟೆಲ್ ಥರ" ಎಂಬ ವಾದ ನಡೆಯುವುದಿಲ್ಲ. ನೋಂದಣಿಯ ಅವಧಿ 5 ವರ್ಷ. ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅರ್ಜಿಗೆ ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಾತಾಡಿ.

ಎರಡನೆಯದು ಆದಾಯ ತೆರಿಗೆ. 12ಎಬಿ ಇದ್ದರೆ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ, 80ಜಿ ಇದ್ದರೆ ಕೊಟ್ಟವರಿಗೆ ವಿನಾಯಿತಿ. 2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ, ಅದರಲ್ಲಿ ಕಲಂ ಮತ್ತು ಫಾರ್ಮ್ ಸಂಖ್ಯೆಗಳು ಬೇರೆ. ಎಲ್ಲರ ಬಾಯಲ್ಲಿ ಓಡಾಡುವ ಹಳೆ ಹೆಸರನ್ನೇ ಇಲ್ಲಿ ಬಳಸಿದ್ದೇನೆ, ಹೊಸ ಸಂಖ್ಯೆ ನಿಮ್ಮ ಆಡಿಟರ್ ಹೇಳುತ್ತಾರೆ. ದಾನಿಗಳ ಪಟ್ಟಿಯನ್ನು 10ಬಿಡಿ ಫಾರ್ಮಿನಲ್ಲಿ ಮೇ 31ರೊಳಗೆ ಹಾಕಿ, ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಕ್ಕಿಂತ ದೊಡ್ಡ ನಷ್ಟ ಎಂದರೆ, ಪ್ರಮಾಣಪತ್ರ ಸಿಗದ ದಾನಿ ಮುಂದಿನ ವರ್ಷ ನಿಮ್ಮ ಫೋನ್ ಎತ್ತುವುದಿಲ್ಲ.

ಧಾರ್ಮಿಕ ಸಂಸ್ಥೆಗಳಿಗೆ ಇಲ್ಲೊಂದು ವಿಶೇಷ ತೊಡಕು ಇದೆ. 80ಜಿ ಇರುವ ಟ್ರಸ್ಟ್ ಧಾರ್ಮಿಕ ಕೆಲಸಕ್ಕೆ ತನ್ನ ವರ್ಷದ ಆದಾಯದ 5 ಶೇಕಡಾಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ದೇವಸ್ಥಾನದ ಜಾತ್ರೆ, ಚರ್ಚ್‌ನ ಪೇಂಟಿಂಗ್, ಮಸೀದಿಯ ಮೈಕು, ಮಕ್ಕಳ ಊಟ ಎಲ್ಲವೂ ಒಂದೇ ಖಾತೆಯಿಂದ ಹೋಗುತ್ತಿದ್ದರೆ ತೊಂದರೆ ಗ್ಯಾರಂಟಿ. ಮಕ್ಕಳ ಮನೆಗೆ ಬೇರೆ ಟ್ರಸ್ಟ್ ಇದ್ದರೆ ಒಳ್ಳೆಯದು. ಆಗದಿದ್ದರೆ ಬೇರೆ ಬ್ಯಾಂಕ್ ಖಾತೆ, ಬೇರೆ ರಸೀದಿ ಪುಸ್ತಕ, ಬೇರೆ ಲೆಡ್ಜರ್ ಆದರೂ ಬೇಕೇ ಬೇಕು. ಡೀಡ್‌ನಲ್ಲಿ "ನಮ್ಮ ಸಮುದಾಯದ ಮಕ್ಕಳಿಗೆ ಮಾತ್ರ" ಎಂಬ ಸಾಲಿದ್ದರೆ ವಕೀಲರಿಗೆ ತೋರಿಸಿ. ಮಕ್ಕಳಿಗಾಗಿ ಇರುವ ಸಂಸ್ಥೆಗೆ ಕಾನೂನಿನಲ್ಲಿ ಸ್ವಲ್ಪ ರಿಯಾಯಿತಿ ಇದ್ದರೂ ಆ ಸಾಲು ಕಂಡ ಕೂಡಲೇ ಕಂಪನಿಗಳು ಫೈಲ್ ಮುಚ್ಚುತ್ತವೆ.

ಮೂರನೆಯದು ಕ್ಯೂಆರ್ ಕೋಡ್. ನಾನು ನೋಡಿದ ಅರ್ಧಕ್ಕರ್ಧ ಕರಪತ್ರಗಳಲ್ಲಿ ಗುರುಗಳದ್ದೋ ಪಾಸ್ಟರದ್ದೋ ಸ್ವಂತ ಫೋನ್‌ಪೇ ನಂಬರ್ ಇರುತ್ತದೆ. ಆ ಹಣ ಕಾನೂನಿನ ಕಣ್ಣಿಗೆ ಅವರ ಸ್ವಂತ ಹಣ. 80ಜಿ ರಸೀದಿ ಕೊಡಲಾಗುವುದಿಲ್ಲ, ಲೆಕ್ಕ ಕೇಳಿದರೆ ಉತ್ತರವಿಲ್ಲ, ಅವರಿಗೇ ತೆರಿಗೆ ನೋಟಿಸ್ ಬಂದರೂ ಬರಬಹುದು. ಟ್ರಸ್ಟಿನ ಹೆಸರಿನ ಖಾತೆಗೇ ಕ್ಯೂಆರ್ ಮಾಡಿಸಿ, ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರೇ ಕಾಣಬೇಕು.

ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದ ನೋಂದಣಿಯನ್ನೂ ಇದೇ ಸಮಯಕ್ಕೆ ಮಾಡಿಬಿಡಿ. ಅದಕ್ಕೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇನೆಂದು ಐದು ಸಾವಿರ ಕೇಳುವ ಏಜೆಂಟರು ಇದ್ದಾರೆ, ಹುಷಾರು.

## ಹಂತ 3: ಖರ್ಚು ಇಳಿಸಿ, ಆದರೆ ತಟ್ಟೆಗೆ ಕೈ ಹಾಕಬೇಡಿ

ಕಷ್ಟ ಬಂದ ಕೂಡಲೇ ಮೊದಲು ಹೋಗುವುದು ಹಾಲು, ಆಮೇಲೆ ಮೊಟ್ಟೆ, ಆಮೇಲೆ ತರಕಾರಿ. ಇದು ತಪ್ಪು ಮಾತ್ರವಲ್ಲ, ಬಾಲನ್ಯಾಯ ನಿಯಮಗಳಲ್ಲಿ ಆಹಾರದ ಪ್ರಮಾಣ ನಿಗದಿಯಾಗಿದೆ, ತಪಾಸಣೆಗೆ ಬಂದವರು ಅಡುಗೆಮನೆಯನ್ನೇ ಮೊದಲು ನೋಡುತ್ತಾರೆ.

ಬದಲಿಗೆ, ಸರ್ಕಾರದಿಂದ ಈಗಾಗಲೇ ಸಿಗಬೇಕಾದ್ದನ್ನು ಪೂರ್ತಿ ಪಡೆಯಿರಿ. ಮಕ್ಕಳು ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕನ್ನಡ ಶಾಲೆಗೆ ಹೋದರೆ ಮಧ್ಯಾಹ್ನದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಸಿಗುತ್ತದೆ. ಮೊಟ್ಟೆ ಅಥವಾ ಬಾಳೆಹಣ್ಣು ಕೂಡ ಇದೆ, ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಇದು 2024ರಲ್ಲಿ ವಾರಕ್ಕೆ 6 ದಿನಕ್ಕೆ ಏರಿತು. ಸರ್ಕಾರಿ ಶಾಲೆಯಲ್ಲಾದರೆ ಪಠ್ಯಪುಸ್ತಕ ಮತ್ತು ಸಮವಸ್ತ್ರಕ್ಕೂ ಖರ್ಚಿಲ್ಲ. ಆದರೂ ಎಷ್ಟೋ ಸಂಸ್ಥೆಗಳು "ದಾನಿಗಳು ಇಂಗ್ಲಿಷ್ ಮೀಡಿಯಂ ಎಂದರೆ ಖುಷಿಪಡುತ್ತಾರೆ" ಅಂತ ಖಾಸಗಿ ಶಾಲೆಗೆ ಲಕ್ಷಗಟ್ಟಲೆ ಫೀಸು ಕಟ್ಟುತ್ತವೆ. ಓದುತ್ತಿರುವ ಮಗುವನ್ನು ಮಧ್ಯದಲ್ಲಿ ಕೀಳಬೇಡಿ. ಹೊಸದಾಗಿ ಸೇರಿಸುವಾಗ ಮಾತ್ರ ಎರಡು ಸಲ ಯೋಚಿಸಿ.

ಆರೋಗ್ಯಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ, ಅಲ್ಲಿ ಕಂಡ ತೊಂದರೆಗೆ ಚಿಕಿತ್ಸೆಯೂ ಉಚಿತ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇಲ್ಲದ ಮಗು ಇದ್ದರೆ ಈ ವಾರವೇ ಮಾಡಿಸಿ. ಕಲ್ಯಾಣ ಸಂಸ್ಥೆಗಳಿಗೆ ಧಾನ್ಯ ಕೊಡುವ ಕೇಂದ್ರದ ಯೋಜನೆಯೊಂದಿದೆ, ಆಹಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಈಗ ಯಾರೂ ಹೇಳಲು ಇಷ್ಟಪಡದ ಮಾತು. ಕಷ್ಟಕಾಲದಲ್ಲಿ ಇಂಥ ಮನೆಗಳಿಗೆ ಬರುವ ಎಷ್ಟೋ ಮಕ್ಕಳಿಗೆ ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ. ಮನೆಯಲ್ಲಿ ಊಟಕ್ಕಿಲ್ಲ ಅಂತ ತಂದು ಬಿಡುತ್ತಾರೆ. ನೀವು ಆ ಮಗುವಿಗೆ ತಿಂಗಳಿಗೆ 5,600 ಖರ್ಚು ಮಾಡುತ್ತೀರಿ, ಅದಕ್ಕಿಂತ ಕಡಿಮೆ ಹಣ ಕೈಗೆ ಸಿಕ್ಕರೆ ಅದೇ ತಾಯಿ ತನ್ನ ಮಗುವನ್ನು ತಾನೇ ಸಾಕುತ್ತಿದ್ದಳು. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಭಾಗ ಇದೆ. ವಿಧವೆ, ಗಂಡ ಬಿಟ್ಟವಳು, ತೀರಾ ಕಾಯಿಲೆ ಬಿದ್ದ ತಂದೆತಾಯಿ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ ಇಂಥ ಕುಟುಂಬಗಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಅರ್ಜಿ ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

ಆದರೆ ನೀವೇ ಬಸ್ ಹತ್ತಿಸಿ ಕಳಿಸುವಂತಿಲ್ಲ. ಯಾವ ಮಗುವನ್ನೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿಲ್ಲದೆ ಮನೆಗೆ ಕಳಿಸಬಾರದು, ಸೇರಿಸಿಕೊಳ್ಳಲೂ ಬಾರದು. "ಮಕ್ಕಳ ಸಂಖ್ಯೆ ಕಡಿಮೆಯಾದರೆ ದಾನಿಗಳು ಕಡಿಮೆ ಕೊಡುತ್ತಾರೆ" ಎಂಬ ಭಯದಿಂದ ಹಾಸಿಗೆ ಭರ್ತಿ ಮಾಡುವ ಸಂಸ್ಥೆಗಳೂ ಇವೆ. ಅಂಥವರಿಗೆ ಈ ಬರಹದಿಂದ ಉಪಯೋಗವಿಲ್ಲ.

## ಹಂತ 4: ಸಾಲ ಅಲ್ಲಿಗೇ ನಿಲ್ಲಿಸಿ

ಬಡ್ಡಿಗೆ ಕೈಸಾಲ, ಟ್ರಸ್ಟಿಗಳ ಮನೆಯ ಒಡವೆ ಅಡ, ಚೀಟಿ ಎತ್ತುವುದು ಇವೆಲ್ಲ ಇವತ್ತೇ ನಿಲ್ಲಲಿ. ತಿಂಗಳ ಖರ್ಚಿಗೆ ಬಡ್ಡಿ ಸಾಲ ತಂದರೆ ಮುಂದಿನ ತಿಂಗಳ ಖರ್ಚು ದೊಡ್ಡದಾಗುತ್ತದೆ, ಅಷ್ಟೆ. ದಿನಸಿ ಅಂಗಡಿಯವರ ಹತ್ತಿರ ಕೂತು ಹಳೆ ಬಾಕಿಯನ್ನು ಬೇರೆ ಮಾಡಿ. ಹಳೆಯದಕ್ಕೆ ತಿಂಗಳಿಗೆ ಇಷ್ಟು ಅಂತ ಕಂತು, ಹೊಸದಕ್ಕೆ ನಗದು. ಹೆಚ್ಚಿನವರು ಒಪ್ಪುತ್ತಾರೆ. ಕೆಲವರು ಹಳೆ ಬಾಕಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದೂ ಉಂಟು, ಮರ್ಯಾದೆಯಿಂದ ಹೋಗಿ ಕೂತು ಮಾತಾಡಿದ್ದಕ್ಕೆ.

ಕಟ್ಟಡಕ್ಕೆಂದು ಕೊಟ್ಟ ಹಣವನ್ನು ಊಟಕ್ಕೆ ತಿರುಗಿಸಬೇಡಿ. ತೀರಾ ಅನಿವಾರ್ಯವಾದರೆ ದಾನಿಗೆ ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

## ಹಂತ 5: ಹತ್ತಿರದವರಿಂದ ಸಣ್ಣ ಮೊತ್ತ, ಪ್ರತಿ ತಿಂಗಳು

ಈಗ ಕೇಳುವ ಸಮಯ. ಆ 72,000 ರೂಪಾಯಿ ಕೊರತೆಯನ್ನು ಒಬ್ಬ ಶ್ರೀಮಂತನಿಂದ ಕೇಳಬೇಡಿ. ತಿಂಗಳಿಗೆ 500 ಕೊಡುವ 144 ಜನರನ್ನು ಹುಡುಕಿ. ಒಬ್ಬ ದೊಡ್ಡ ದಾನಿಯ ವ್ಯಾಪಾರ ಮುಳುಗಿದರೆ ನಿಮ್ಮ ಮನೆಯೂ ಮುಳುಗುತ್ತದೆ. 144 ಜನರಲ್ಲಿ ಇಪ್ಪತ್ತು ಜನ ಕೆಲಸ ಕಳೆದುಕೊಂಡರೂ ಮನೆ ನಡೆಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿತು. ಭಾನುವಾರದ ಕಾಣಿಕೆ ತಟ್ಟೆ, ದೇವಸ್ಥಾನದ ಹುಂಡಿ, ಜುಮಾದ ಚಂದಾ ಎಲ್ಲ ಒಟ್ಟಿಗೇ ನಿಂತುಹೋದವು. ಆಗ ಬ್ಯಾಂಕಿನಿಂದ ತಾನಾಗೇ ಕಡಿತವಾಗುತ್ತಿದ್ದ ದುಡ್ಡಿಗೆ ಬಾಗಿಲು ಮುಚ್ಚಿದ್ದು ಅಡ್ಡಿಯಾಗಲಿಲ್ಲ.

ವಿಧಾನ ಹೀಗೆ. ಸಭೆಯಲ್ಲಿ, ಪೂಜೆಯ ಕೊನೆಯಲ್ಲಿ ಮೈಕ್ ಹಿಡಿದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಕೊಡುವುದಿಲ್ಲ. ಮೊದಲು ಹತ್ತು ಜನ ಹಿರಿಯರ ಮನೆಗೆ ಹೋಗಿ. ಒಂದು ಹಾಳೆಯ ಲೆಕ್ಕ ತೋರಿಸಿ: ಒಂದು ಮಗುವಿಗೆ 5,600, ಒಟ್ಟು ಕೊರತೆ 72,000, ನಮ್ಮ ಹತ್ತಿರ ಇಷ್ಟು ತಿಂಗಳ ಹಣ ಇದೆ. ಅವರು ಸೇರಿದ ಮೇಲೆ ಒಬ್ಬೊಬ್ಬರಿಗೂ "ನಿಮ್ಮ ಪರಿಚಯದ ಇನ್ನೂ ಹತ್ತು ಜನರನ್ನು ನೀವೇ ಕೇಳಿ" ಎಂದು ಪಟ್ಟಿ ಕೊಡಿ. ಟ್ರಸ್ಟಿಗಳು ಮೊದಲು ತಾವು ಹಾಕಬೇಕು. ತಾನೇ ಕೊಡದ ಟ್ರಸ್ಟಿ ಕೇಳಲು ಹೋದರೆ ಮುಖ ನೋಡಿಯೇ ಜನಕ್ಕೆ ಗೊತ್ತಾಗುತ್ತದೆ.

ಬಾಯಿಮಾತಿನ ಒಪ್ಪಿಗೆ ಸಾಲದು. ಅಲ್ಲೇ ಕೂತು ಯುಪಿಐ ಆಟೋಪೇ ಅಥವಾ ಬ್ಯಾಂಕ್ ಮ್ಯಾಂಡೇಟ್ ಹಾಕಿಸಿ. ಆಟೋಪೇಯಲ್ಲಿ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಒತ್ತುವ ಕೆಲಸವಿಲ್ಲ. ಸಂಬಳ ಬರುವ ದಿನ ಕೇಳಿ, ಕಡಿತದ ತಾರೀಖನ್ನು ಮರುದಿನಕ್ಕೆ ಇಡಿ. ನಗದು ಕೊಡುವ ಅಜ್ಜಿಯರಿಗೆ ಪುಟ್ಟ ಡಬ್ಬಿ ಕೊಡಿ, ತಿಂಗಳಿಗೊಮ್ಮೆ ಹೋಗಿ ಅವರೆದುರೇ ಎಣಿಸಿ ರಸೀದಿ ಹರಿದುಕೊಡಿ. 2,000 ರೂಪಾಯಿಗಿಂತ ಜಾಸ್ತಿ ನಗದಿಗೆ 80ಜಿ ಸಿಗುವುದಿಲ್ಲ ಎಂದು ಮೊದಲೇ ಹೇಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ 80ಜಿ ಲಾಭವೇ ಇಲ್ಲ, ಆದ್ದರಿಂದ "ಟ್ಯಾಕ್ಸ್ ಉಳಿಯುತ್ತೆ" ಎಂಬುದನ್ನೇ ಮುಖ್ಯ ಆಕರ್ಷಣೆ ಮಾಡಬೇಡಿ.

ಝಕಾತ್ (ಮುಸ್ಲಿಮರ ಕಡ್ಡಾಯ ದಾನ) ಹಣ ಪಡೆಯುವವರು ಅದನ್ನು ಪ್ರತ್ಯೇಕ ಇಡಿ. ಅದು ಅರ್ಹರಿಗೆ ಮಾತ್ರ ಸಲ್ಲಬೇಕಾದ ಹಣ. ಸಂಬಳಕ್ಕೋ ಕಟ್ಟಡಕ್ಕೋ ಹಾಕುವ ಮುಂಚೆ ಉಲಮಾಗಳನ್ನು, ಅಂದರೆ ಧರ್ಮಪಂಡಿತರನ್ನು ಕೇಳಿ, ಅಂಥ ಖರ್ಚಿಗೆ ಸದಖಾ (ಸ್ವಇಚ್ಛೆಯ ದಾನ) ಬೇರೆಯಾಗಿ ಸಂಗ್ರಹಿಸಿ.

ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಎಲ್ಲ ದಾನಿಗಳಿಗೂ ಒಂದು ವಾಟ್ಸಾಪ್ ಸಂದೇಶ: ಬಂದದ್ದು ಇಷ್ಟು, ಹೋದದ್ದು ಇಷ್ಟು, ಕೊರತೆ ಇಷ್ಟು. ಐದೇ ಸಾಲು. ಶುಭೋದಯದ ಹೂವಿನ ಚಿತ್ರ ಬೇಡ.

## ಹಂತ 6: ವರ್ಷದ ಕ್ಯಾಲೆಂಡರ್ ಮತ್ತು ವಸ್ತು ದಾನ

ಹಣ ಬರುವ ತಿಂಗಳು ಬೇರೆ, ಹೋಗುವ ತಿಂಗಳು ಬೇರೆ. ದೀಪಾವಳಿ, ಕ್ರಿಸ್‌ಮಸ್, ರಂಜಾನ್‌ಗೆ ಕೊಡುವವರು ಸಾಲು ನಿಲ್ಲುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆ, ಮಳೆ, ಜ್ವರ ಎಲ್ಲ ಒಟ್ಟಿಗೆ, ಆಗ ಯಾರೂ ಇರುವುದಿಲ್ಲ. ಹಬ್ಬದ ತಿಂಗಳಲ್ಲಿ ಬಂದ ಹೆಚ್ಚುವರಿ ಹಣವನ್ನು ಡಿಪಾಸಿಟ್ ಮಾಡಿ ಜೂನ್‌ಗೆ ಇಡಿ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಅದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಕೊಡುವವರ ಜೇಬು ಯಾವಾಗ ತುಂಬಿರುತ್ತದೆ ಎಂಬುದು ಊರಿನ ಬೆಳೆ ಮೇಲೆ ನಿಂತಿದೆ. ಹಳೆ ಮೈಸೂರಿನ ಕಡೆ ರಾಗಿ, ಭತ್ತ ಮನೆಗೆ ಬಂದು ಸಂಕ್ರಾಂತಿ ಹೊತ್ತಿಗೆ ಕೈ ಸಡಿಲ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ. ಕರಾವಳಿಯ ಕ್ರೈಸ್ತರಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಹೊಸ ತೆನೆಯ ಸಮಯ. ಬೆಂಗಳೂರಿನ ಸಂಬಳದಾರರು ತೆರಿಗೆ ಲೆಕ್ಕ ಹಾಕುವ ಜನವರಿಯಿಂದ ಮಾರ್ಚ್‌ವರೆಗೆ. ಸಿದ್ಧಗಂಗೆಯಂಥ ಮಠಗಳಿಗೆ ಭಕ್ತರು ಸುಗ್ಗಿಯಲ್ಲಿ ಧಾನ್ಯ ತಂದು ಸುರಿಯುವ ಪದ್ಧತಿಯಲ್ಲೇ ಜಾಣತನ ಇದೆ. ರೈತನ ಹತ್ತಿರ ಕಾಸಿಲ್ಲದಿದ್ದರೂ ಒಂದು ಮೂಟೆ ರಾಗಿ ಇರುತ್ತದೆ. ಸಣ್ಣ ಸಂಸ್ಥೆಗಳೂ ಊರೂರಿಗೆ ಒಂದು ಟೆಂಪೋ ಕಳಿಸಿ ಇದನ್ನು ಮಾಡಬಹುದು.

ವಸ್ತು ದಾನಕ್ಕೆ ಸ್ಟಾಕ್ ರಿಜಿಸ್ಟರ್ ಬೇಕು, ರಸೀದಿ ಬೇಕು, ಆದರೆ 80ಜಿ ಇಲ್ಲ. ಬೇಡದ್ದಕ್ಕೆ ಬೇಡ ಎನ್ನಲು ಕಲಿಯಿರಿ. ಹರಿದ ಬಟ್ಟೆ, ಅವಧಿ ಮುಗಿದ ಬಿಸ್ಕತ್ತು, ಮದುವೆ ಮನೆಯಲ್ಲಿ ರಾತ್ರಿ ಉಳಿದ ಅನ್ನ. ಈ ಕೊನೆಯದಂತೂ ತೀರಾ ಅಪಾಯ, ಮಕ್ಕಳಿಗೆ ವಾಂತಿಭೇದಿ ಶುರುವಾದರೆ ಉತ್ತರ ಕೊಡಬೇಕಾದವರು ನೀವು, ಛತ್ರದವರಲ್ಲ. ಬೇಕಾದ ಪಟ್ಟಿಯನ್ನು ನೀವೇ ಮುಂಚಿತವಾಗಿ ಕೊಟ್ಟರೆ ಈ ಮುಜುಗರ ಕಡಿಮೆ: ತೊಗರಿಬೇಳೆ 25 ಕೆಜಿ, ಅಡುಗೆ ಎಣ್ಣೆ, ಸ್ಯಾನಿಟರಿ ಪ್ಯಾಡ್, ಗ್ಯಾಸ್ ಸಿಲಿಂಡರ್ ಹಣ.

ಹುಟ್ಟುಹಬ್ಬ, ತಿಥಿ, ಮದುವೆ ವಾರ್ಷಿಕೋತ್ಸವಕ್ಕೆ "ಒಂದು ದಿನದ ಊಟ" ಎಂಬ ಬಾಬ್ತು ಇಡಿ. ನಮ್ಮ ಉದಾಹರಣೆಯಲ್ಲಿ ಅದು 1,950 ರೂಪಾಯಿ. ಜನ ಸಂತೋಷದಿಂದ ಕೊಡುತ್ತಾರೆ. ಆದರೆ ಎಲ್ಲರೂ ಭಾನುವಾರವೇ ಹೋಳಿಗೆ ಬಡಿಸಬೇಕು ಎಂದು ಹಟ ಹಿಡಿದರೆ ಮಕ್ಕಳಿಗೆ ಭಾನುವಾರ ಅಜೀರ್ಣ, ಬುಧವಾರ ಬರೀ ಸಾರು. ಹಣ ಪಡೆಯಿರಿ, ಅಡುಗೆ ನಿಮ್ಮದೇ ಇರಲಿ.

## ಹಂತ 7: ಸರ್ಕಾರ, ಕಂಪನಿ, ಹೊರದೇಶ

ಮಿಷನ್ ವಾತ್ಸಲ್ಯದಲ್ಲಿ ಆಯ್ಕೆಯಾದ ಸಂಸ್ಥೆಗೆ ಮಗುವಿಗೆ ತಿಂಗಳಿಗೆ 3,000 ರೂಪಾಯಿ ಪೋಷಣಾ ಅನುದಾನ ಇದೆ. ನೋಂದಣಿಯಾದ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರಿಗೂ ಸಮಯಕ್ಕೆ ಸರಿಯಾಗಿ ಬರುವ ಭರವಸೆ ಇಲ್ಲ. ಆದ್ದರಿಂದ ಅದನ್ನು ಬಜೆಟ್ಟಿನಲ್ಲಿ "ಬಂದರೆ" ಎಂಬ ಕಾಲಮಿನಲ್ಲಿ ಬರೆಯಿರಿ. ಅದನ್ನು ನಂಬಿ ಹೊಸ ಸಿಬ್ಬಂದಿ ತೆಗೆದುಕೊಳ್ಳಬೇಡಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣಕ್ಕೆ ಸಿಎಸ್‌ಆರ್-1 ಫಾರ್ಮ್ ನೋಂದಣಿ, 12ಎಬಿ, 80ಜಿ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಕಂಪನಿ ಕಾಯ್ದೆಯ 7ನೇ ಷೆಡ್ಯೂಲಿನಲ್ಲಿ ಅನಾಥರ ಮನೆಗಳು ನೇರವಾಗಿ ಸೇರಿವೆ. ಕಂಪನಿಗಳು ಸಾಮಾನ್ಯವಾಗಿ ತಿಂಗಳ ಊಟಕ್ಕೆ ಕೊಡುವುದಿಲ್ಲ. ಸೋಲಾರ್ ನೀರು ಕಾಯಿಸುವ ಘಟಕ, ಬೋರ್‌ವೆಲ್, ಶೌಚಾಲಯ, ಲೈಬ್ರರಿ ಇಂಥವಕ್ಕೆ ಕೇಳಿ. ಕರೆಂಟು, ಸೌದೆ, ಟ್ಯಾಂಕರ್ ನೀರಿಗೆ ಪ್ರತಿ ತಿಂಗಳು ಸುರಿಯುವ ಹಣ ಅದರಿಂದ ಉಳಿದರೆ ಅದೂ ದುಡ್ಡೇ ಅಲ್ವಾ. ದೊಡ್ಡ ಕಂಪನಿಯ ಬೆಂಗಳೂರು ಕಚೇರಿಗಿಂತ ನಿಮ್ಮ ತಾಲ್ಲೂಕಿನ ಕಾರ್ಖಾನೆಯ ಎಚ್‌ಆರ್ ಹತ್ತಿರ ಹೋಗುವುದು ಸುಲಭ.

ವಿದೇಶಿ ಹಣದ ವಿಷಯದಲ್ಲಿ ತುಂಬ ಹುಷಾರಾಗಿರಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ವಿದೇಶಿ ದೇಣಿಗೆಯ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಇದ್ದರೂ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ಮೇಲೆ ಆಡಳಿತ ವೆಚ್ಚ 20 ಶೇಕಡಾ ಮೀರುವಂತಿಲ್ಲ, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸುವಂತೆಯೂ ಇಲ್ಲ. "ನಮ್ಮ ಖಾತೆಗೆ ತರಿಸಿ ನಿಮಗೆ ಕೊಡ್ತೀವಿ" ಎನ್ನುವವರಿಂದ ದೂರ ಇರಿ.

ಹೊರದೇಶದಲ್ಲಿರುವ ಕನ್ನಡಿಗರ ವಿಷಯದಲ್ಲಿ ಗೊಂದಲ ಜಾಸ್ತಿ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮೂರಿನ ಹುಡುಗ ದುಬೈಯಿಂದಲೋ ಅಮೆರಿಕದಿಂದಲೋ ತನ್ನ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅವನೇ ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಹಿಡಿದು ಜಾತ್ರೆಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ನೋಟಿನ ಬಣ್ಣ ಮುಖ್ಯವಲ್ಲ, ಪಾಸ್‌ಪೋರ್ಟ್ ಮುಖ್ಯ.

## ಹಂತ 8: ಮಕ್ಕಳನ್ನು ಪ್ರದರ್ಶನಕ್ಕೆ ಇಡದೆ ಕೇಳುವುದು

ಮಗುವಿನ ಮುಖ, ಹೆಸರು, ಊರು, ಶಾಲೆ ಹಾಕಿದ ಪೋಸ್ಟರ್ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. "ಎಲ್ಲರೂ ಹಾಕುತ್ತಾರೆ" ಎಂಬುದು ಸಮಾಧಾನವಲ್ಲ. ಆನ್‌ಲೈನ್ ನಿಧಿ ಸಂಗ್ರಹಕ್ಕೂ ಇದೇ ನಿಯಮ. ಅಡುಗೆಮನೆ, ಖಾಲಿ ಡಬ್ಬಿ, ಸೋರುವ ಛಾವಣಿ, ಮಕ್ಕಳು ಬಿಡಿಸಿದ ಚಿತ್ರ ಹಾಕಿ, ಸಾಕು. ದಾನಿ ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವುದು, ಕಾಲಿಗೆ ಬೀಳಿಸುವುದು, ಅಪ್ಪ ಹೇಗೆ ಸತ್ತ ಎಂದು ಹೇಳಿಸುವುದು ಬಿಟ್ಟುಬಿಡಿ.

ಕೆಲವು ದಾನಿಗಳು "ಮಕ್ಕಳು ನಮ್ಮ ಪ್ರಾರ್ಥನೆಗೆ ಬರಲೇಬೇಕು" ಎಂಬ ಷರತ್ತು ಹಾಕುತ್ತಾರೆ. ಕಲ್ಯಾಣ ಸಮಿತಿ ಯಾವ ಧರ್ಮದ ಮಗುವನ್ನಾದರೂ ನಿಮ್ಮಲ್ಲಿಗೆ ಕಳಿಸಬಹುದು, ಆ ಮಗುವಿನ ನಂಬಿಕೆ ಅದರದ್ದು. ಇಂಥ ಹಣಕ್ಕೆ ನಮಸ್ಕಾರ ಹೇಳಿ ವಾಪಸ್ ಕಳಿಸಿ.

## ಈ ಲಕ್ಷಣ ಕಂಡರೆ ತಕ್ಷಣ ಸಭೆ ಕರೆಯಿರಿ

ದಿನಸಿ ಬಾಕಿ ಎರಡು ತಿಂಗಳು ದಾಟಿದರೆ. ಅಡುಗೆಯವರ ಸಂಬಳ ಎರಡನೇ ಸಲ ತಡವಾದರೆ. ಒಬ್ಬನೇ ದಾನಿಯಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರುತ್ತಿದ್ದರೆ. ಲೆಕ್ಕದ ಪುಸ್ತಕ "ಮನೆಯಲ್ಲಿದೆ" ಎಂಬ ಉತ್ತರ ಬಂದರೆ. ಹೆಸರಿಲ್ಲದ ದೊಡ್ಡ ಮೊತ್ತ ಖಾತೆಗೆ ಬಿದ್ದರೆ, ಯಾಕೆಂದರೆ ಹೆಸರು ವಿಳಾಸವಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ 30 ಶೇಕಡಾ ತೆರಿಗೆ ಬೀಳುತ್ತದೆ.

ಇನ್ನು ಮೋಸಗಾರರು. ಕಷ್ಟದಲ್ಲಿರುವ ಸಂಸ್ಥೆಯ ವಾಸನೆ ಅವರಿಗೆ ಬೇಗ ಹತ್ತುತ್ತದೆ. "ಒಂದು ಕೋಟಿ ಸಿಎಸ್‌ಆರ್ ಕೊಡಿಸ್ತೀವಿ, ಅರವತ್ತು ಲಕ್ಷ ನಗದಾಗಿ ವಾಪಸ್ ಕೊಡಿ" ಎನ್ನುವವರು ನಿಮ್ಮ ಟ್ರಸ್ಟನ್ನು ಕಪ್ಪುಹಣ ತೊಳೆಯಲು ಬಳಸುತ್ತಿದ್ದಾರೆ, ಸಿಕ್ಕಿಬೀಳುವುದು ನಿಮ್ಮ ಸಹಿ. "ಫಾರಿನ್ ಗ್ರಾಂಟ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಎನ್ನುವುದು ಶುದ್ಧ ಕಳ್ಳತನ. ಹಣ ಕೊಡುವವರು ಮುಂಗಡ ಕೇಳುವುದಿಲ್ಲ.

## ಆಗಲೇ ಇಲ್ಲ ಎಂದಾದರೆ

ಎಲ್ಲ ಮಾಡಿಯೂ ಕೊರತೆ ತುಂಬದಿರಬಹುದು. ಕೈಯಲ್ಲಿ ಮೂರು ತಿಂಗಳ ಹಣ ಇರುವಾಗಲೇ, ನಮ್ಮ ಉದಾಹರಣೆಯಲ್ಲಿ 5,04,000 ರೂಪಾಯಿ ಉಳಿದಿರುವಾಗಲೇ, ಟ್ರಸ್ಟಿಗಳು ಕೂತು ತೀರ್ಮಾನಿಸಬೇಕು. ಹಣ ಸೊನ್ನೆ ಆದ ದಿನ ತೀರ್ಮಾನಿಸಿದರೆ ಮಕ್ಕಳು ರಾತ್ರೋರಾತ್ರಿ ಚದುರಿಹೋಗುತ್ತಾರೆ.

ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೊಸ ಮಕ್ಕಳನ್ನು ಈಗ ಕಳಿಸಬೇಡಿ ಎಂದು ಅದರಲ್ಲೇ ಬರೆಯಿರಿ. ಯಾವ ಮಗು ಮನೆಗೆ ಹೋಗಬಹುದು, ಯಾರಿಗೆ ಪ್ರಾಯೋಜಕತ್ವ ಸಿಗಬಹುದು, ಯಾರು ಬೇರೆ ಸಂಸ್ಥೆಗೆ ಹೋಗಬೇಕು ಎಂದು ಸಮಿತಿ ಒಬ್ಬೊಬ್ಬರದ್ದೂ ನೋಡಿ ಆದೇಶ ಮಾಡುತ್ತದೆ. ಅಣ್ಣತಂಗಿಯರನ್ನು ಬೇರೆ ಮಾಡಬೇಡಿ ಎಂದು ನೀವೇ ಒತ್ತಿ ಕೇಳಿ. ಹತ್ತನೇ ತರಗತಿ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ಸ್ಥಳ ಬದಲಿಸದಂತೆ ಅರ್ಜಿ ಕೊಡಿ, ಅಷ್ಟು ಜನರ ಖರ್ಚನ್ನು ಆ ಮೂರು ತಿಂಗಳ ಹಣದಿಂದ ಎತ್ತಿಡಿ. ಸಿಬ್ಬಂದಿಯ ಬಾಕಿ ಸಂಬಳಕ್ಕೂ ಅದರಲ್ಲೇ ಪಾಲು ಇರಲಿ. ಪ್ರತಿ ತಿಂಗಳು ಕೊಡುತ್ತಿದ್ದವರಿಗೆ ಕೊನೆಯ ಲೆಕ್ಕ ಕಳಿಸಿ, ಆಟೋಪೇ ರದ್ದು ಮಾಡುವುದು ಹೇಗೆ ಎಂದೂ ಅದರಲ್ಲೇ ತಿಳಿಸಿ.